ಮೊಮ್ಮಗಳ ನಾಟಕದಲ್ಲಿ ಯಾರೂ ಮಾತಾಡದ ಹೊತ್ತು

ಮೊಮ್ಮಗಳು ನಾಟಕ ಬರೆದಿದ್ದಾಳೆ ಎಂದು ನಾನು ಯಾರಿಗೆ ಹೇಳಲಿಲ್ಲ ಹೇಳಿ. ಹಾಲಿನ ಡೇರಿಯಲ್ಲಿ ಹೇಳಿದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಹೇಳಿದೆ, ಗುರುಪುರದ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ನಾನು ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವನು. ಈ ಮಗು ಹುಣಸೂರಿನ ಕಾಲೇಜಿನಲ್ಲಿ ಓದುತ್ತಾ ತಾನೇ ನಾಟಕ ಬರೆದು, ತಾನೇ ಅದರಲ್ಲಿ ಮುದುಕಿಯ ಪಾತ್ರ ಮಾಡುತ್ತಾಳೆ ಎಂದರೆ ಹೇಳದೆ ಇರುವುದು ಹೇಗೆ?

ಹೇಳಿ ಬಂದ ಮೇಲೆ ಪುಕಪುಕ ಶುರುವಾಯಿತು. ಕಾಲೇಜುಗಳ ನಡುವೆ ಸ್ಪರ್ಧೆ. ಗೆದ್ದ ಒಂದೇ ನಾಟಕ ಮೈಸೂರಿಗೆ ಹೋಗುತ್ತದೆ. ಆಟ ಮುಗಿದ ಮೇಲೆ ತೀರ್ಪುಗಾರರು ಬರೆದವರನ್ನು ನಿಲ್ಲಿಸಿಕೊಂಡು ಪ್ರಶ್ನೆ ಬೇರೆ ಕೇಳುತ್ತಾರಂತೆ. ಅದಕ್ಕೇ ಸಂಜೆ ಹೊತ್ತು ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಉತ್ತರ ಅಭ್ಯಾಸ ಮಾಡುತ್ತಿದ್ದಳು.

"ಕಥಾವಸ್ತು ಅಂದ್ರೇನು ಅಂತ ಕೇಳು ತಾತ."

"ಏನವ್ವ ಅಂಗಂದ್ರೆ?"

"ಏನಾಯ್ತು, ಅದ್ರಿಂದ ಇನ್ನೇನಾಯ್ತು ಅನ್ನೋದು. ಮುದುಕಿ ಗಂಡ ಆನೆ ಬರ್ದಂಗೆ ಕಾಯಕ್ಕೆ ಹೊಲಕ್ಕೆ ಹೋದ. ಬೆಳಕರಿದ್ರೂ ಬರ್ನಿಲ್ಲ. ಪಕ್ಕದ ಮನೆಯವ್ನು ಹುಡುಕಕ್ಕೆ ಹೋಗವ್ನೆ. ಇವಳು ಕಾಯ್ತಾ ಕೂತವ್ಳೆ."

"ಜಗಳ ಎಲ್ಲದೆ? ಜಗಳ ಇಲ್ದೆ ನಾಟಕ ಆಯ್ತದಾ?"

"ಅದೆ ಕಣ್ ತಾತ. ಅದ್ನೇ ಸಂಘರ್ಷ ಅನ್ನದು. ತಾನೂ ಹೋಗಿ ನೋಡ್ಬೇಕು ಅಂತಾಳೆ, ಹೋದ್ರೆ ಏನು ಕಾಣ್ಬೇಕಾಯ್ತದೋ ಅಂತ ಹೆದ್ರುತಾಳೆ. ಜಗಳ ಅವಳೊಳಗೇ ಅದೆ."

ಅದು ನನಗೆ ಗೊತ್ತಿದ್ದ ಸಂಗತಿಯೇ. ಅದಕ್ಕೊಂದು ಹೆಸರಿದೆ ಎಂಬುದು ಗೊತ್ತಿರಲಿಲ್ಲ.

ಕೊನೆಗೆ ಪರಾಕಾಷ್ಠೆ. ಪಕ್ಕದ ಮನೆಯವನು ವಾಪಸು ಬರುವ ಮೊದಲು ಮುದುಕಿ ಮಾತು ನಿಲ್ಲಿಸಿಬಿಡುತ್ತಾಳೆ. ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾಳೆ. "ಅದೇ ತುದಿ ತಾತ. ಆ ಮೌನ ಕೆಟ್ರೆ ನಾಟಕವೇ ಕೆಟ್ಟೋಯ್ತದೆ," ಎಂದಳು. ಅಂದಿನಿಂದ ಆ ಮೌನದ್ದೇ ಚಿಂತೆ ನನಗೆ. ಯಾರಾದರೂ ಕೆಮ್ಮಿದರೆ? ಯಾರದಾದರೂ ಫೋನು ಕೂಗಿದರೆ?

ನಮ್ಮ ಊರಿನ ನಾಟಕಗಳಲ್ಲಿ ಮೌನವೆಂಬುದೇ ಇಲ್ಲ. ಮಾತು ನಿಂತರೆ ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತಾರೆ. ಆಗ ಪಾತ್ರಧಾರಿಯ ನೆಂಟರು ರಂಗದ ಮೇಲೆ ಹತ್ತಿ ಹಾರ ಹಾಕಿ ಇಳಿಯುತ್ತಾರೆ, ಆಮೇಲೆ ಕತೆ ಮುಂದುವರಿಯುತ್ತದೆ. ಹಾರ ಬೀಳದ ಪಾತ್ರಧಾರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಜನ ತಿಳಿಯುತ್ತಾರೆ.

ಸ್ಪರ್ಧೆಯ ದಿನ ನನ್ನ ತಮ್ಮ ಬಸ್ಸು ಹತ್ತಿದ. ತೊಡೆಯ ಮೇಲೆ ಸೇವಂತಿಗೆಯ ದೊಡ್ಡ ಹಾರ.

"ಅಲ್ಲಿ ಅಂಗೆಲ್ಲ ಸ್ಟೇಜು ಹತ್ತಂಗಿಲ್ಲ ಕಣ್ಲಾ," ಎಂದೆ.

"ನಮ್ ಮಗೀಗೆ ಯಾರೂ ಇಲ್ಲ ಅನ್ಕಳಲ್ವಾ ಜನ? ನೀನು ದ್ವಾರಪಾಲಕನ ಪಾರ್ಟು ಮಾಡ್ದಾಗ್ಲೇ ಹಾರ ಬಿದ್ದೊ. ಭರ್ಜಿ ಇಡ್ಕೊಂಡು ನಿಂತಿದ್ದೆ, ಅಷ್ಟೇಯ."

ವಾದ ಮಾಡಿ ಗೆಲ್ಲಲಾಗದೆ, "ಅವ್ಳು ಮಾತಾಡ್ತಿರುವಾಗ ಮಾತ್ರ ಎದ್ದೋಗ್ಬೇಡ," ಎಂದೆ.

"ನಾನೇನು ದಡ್ನಾ ಅಣ್ಣ? ಮಾತಾಡ್ತಿರುವಾಗ ಯಾರಾದ್ರೂ ಹತ್ತಾರಾ?"

ಅವನು ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ಪರದೆ ಸರಿಯಿತು. ರಂಗದ ಮೇಲೆ ಒಂದು ಚಾಪೆ, ಅದರ ಮೇಲೆ ಮುದುಕಿಯ ಗಂಡನದೆಂದು ಮಡಿಸಿಟ್ಟ ಕಂಬಳಿ. ನನ್ನ ಮೊಮ್ಮಗಳು ಸೊಂಟ ಬಗ್ಗಿಸಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಗಂಡನನ್ನು ಬೈದಳು, ಆನೆಯನ್ನು ಬೈದಳು, ಆಮೇಲೆ ಬೈಯುವುದಕ್ಕೂ ಹೆದರಿದಳು. ಮಾತು ನಿಂತಿತು. ಯಾರೂ ಕೆಮ್ಮಲಿಲ್ಲ. ಬಂತು, ಆ ಮೌನ ಬಂತು ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ನನ್ನ ತಮ್ಮ ಎದ್ದ. ಪಂಚೆ ಹಿಡಿದು ಎಳೆದೆ, ಕೈಗೆ ಸಿಗಲಿಲ್ಲ. ಮೆಟ್ಟಿಲು ಹತ್ತೇಬಿಟ್ಟ.

ಹಾರ ಹಿಡಿದು ಅವಳ ಮುಂದೆ ನಿಂತ. ಅವಳು ಕೊರಳು ಬಗ್ಗಿಸಲಿಲ್ಲ. ಅವನನ್ನೇ ನೋಡಿದಳು. ಎಲ್ಲ ಮುಗಿಯಿತು, ವರ್ಷದ ಕಷ್ಟವೆಲ್ಲ ನೀರುಪಾಲಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಗ ಅವಳ ಮುದುಕಿ ದನಿ ಕೇಳಿಸಿತು.

"ಸಿಕ್ಕುದ್ನಾ?"

ಅದು ಪಕ್ಕದ ಮನೆಯವನನ್ನು ಕೇಳಬೇಕಾದ ಮಾತು. ಕಣ್ಣು ಬಿಟ್ಟೆ. ಪಕ್ಕದ ಮನೆಯವನಾಗಿದ್ದ ಹುಡುಗ ಪರದೆಯ ಅಂಚಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ನನ್ನ ತಮ್ಮನಿಗೆ ಆಗ ಹೊಳೆಯಿತು, ತಾನು ಎಲ್ಲಿಗೆ ಬಂದುಬಿಟ್ಟೆ ಎಂದು. ನಾಚಿಕೆಯಿಂದ ತಲೆ ತಗ್ಗಿಸಿದ. ಅವಳು ಮೆಲ್ಲಗೆ ಹಾರ ತೆಗೆದುಕೊಂಡು ಕಂಬಳಿಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಪರದೆ ಬಿತ್ತು. ನನ್ನ ಮುಂದಿದ್ದ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ತೀರ್ಪುಗಾರರು ಅವಳನ್ನು ನಿಲ್ಲಿಸಿಕೊಂಡು ಕೇಳಿದರು. "ಕೊನೆಗೆ ಬಂದ ಆ ಯಜಮಾನರು ಯಾವ ಪಾತ್ರ? ನೀವು ಕೊಟ್ಟ ಪ್ರತಿಯಲ್ಲಿ ಅವರಿಲ್ಲ."

ಸುಳ್ಳು ಹೇಳಿಬಿಡು ಮಗ ಎಂದು ನನ್ನ ಮನಸ್ಸು ಬೇಡುತ್ತಿತ್ತು.

"ಅವರು ಪಾತ್ರ ಅಲ್ಲ ಸರ್, ನಮ್ಮ ಚಿಕ್ಕತಾತ. ಊರಲ್ಲಿ ಮಾತು ನಿಂತಾಗ ಹಾರ ಹಾಕ್ತಾರೆ, ಅದಕ್ಕೆ ಬಂದುಬಿಟ್ರು."

ಸಭೆಯೆಲ್ಲ ನಕ್ಕಿತು. ತೀರ್ಪುಗಾರರು ನಗಲಿಲ್ಲ. "ಹಾಗಾದರೆ ನಿಮ್ಮ ನಾಟಕದ ಪರಾಕಾಷ್ಠೆ ಯಾವುದು?"

ಅವಳು ಸ್ವಲ್ಪ ಯೋಚಿಸಿದಳು. "ನಾನು ಬರೆದಿದ್ದು ಮಾತು ನಿಲ್ಲೋದು. ಇವತ್ತು ಆಗಿದ್ದು ಅವರು ತಲೆ ತಗ್ಗಿಸಿದ್ದು. ಎರಡನೇದೇ ಸರಿ ಅನ್ನಿಸುತ್ತೆ ಸರ್. ಇನ್ನುಮುಂದೆ ಹಾಗೇ ಬರೀತೀನಿ."

ಫಲಿತಾಂಶ ಹೇಳುವವರೆಗೆ ನಾನೂ ತಮ್ಮನೂ ಕಾಲೇಜಿನ ಬೇವಿನ ಮರದ ಕೆಳಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಒಳಗಿಂದ ಅವಳ ಹೆಸರು ಕೂಗಿದಾಗ ನಾನು ಕೂತಲ್ಲೇ ಅತ್ತೆ. ತಮ್ಮ ನನಗಿಂತ ಜೋರಾಗಿ ಅತ್ತ.

ಅವಳು ಓಡಿ ಬಂದಳು. ತಬ್ಬಿಕೊಳ್ಳುತ್ತಾಳೆಂದು ಕೈ ಚಾಚಿದೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೈಸೂರಿಗೆ ನೀವಿಬ್ರೂ ಬರಂಗಿಲ್ಲ."

"ನನ್ ಪಾರ್ಟು ಯಾರು ಮಾಡಾರು ಮತ್ತೆ?" ಎಂದ ನನ್ನ ತಮ್ಮ.

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೂ ಮಾತು ಬದಲಿಸಲಿಲ್ಲ.

"ಆಯ್ತು ಕಣವ್ವ, ಬರಲ್ಲ. ಮುಗಿದೇಟ್ಗೆ ಫೋನ್ ಮಾಡು," ಎಂದೆ. ಬರುವ ವಾರ ಅವಳು ಹೋಗುತ್ತಾಳೆ. ನಾನು ಈಗಿನಿಂದಲೇ ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.