ಯೂಫ್ರಾಸಿ ತುರ್ನೊ ಹಚ್ಚಿ ತೆಗೆದ ವಾರ್ನಿಷ್

ಪ್ಯಾರಿಸ್ಸಿನ ಬಾತಿನ್ಯೋಲ್ ಬಡಾವಣೆಯ ಚೌಕಟ್ಟು ಬಡಗಿಗಳು ಯೂಫ್ರಾಸಿ ತುರ್ನೊಳನ್ನು 'ಮೂಗಮ್ಮ' ಎನ್ನುತ್ತಿದ್ದರು. ಚಿತ್ರದ ಮುಂದೆ ನಿಂತು ಒಮ್ಮೆ ಮೂಸಿದರೆ ಸಾಕು, ಬಣ್ಣದೊಳಗಿನ ಎಣ್ಣೆ ಎಷ್ಟು ಒಣಗಿದೆ, ಮೇಲೆ ವಾರ್ನಿಷ್ ಹಚ್ಚಬಹುದೇ ಇಲ್ಲವೇ ಎಂದು ಆಕೆ ಹೇಳಿಬಿಡುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ.

ಕಸುಬು ಅಪ್ಪನಿಂದ ಬಂದದ್ದು. ಸರ್ಕಾರಿ ಚಿತ್ರಪ್ರದರ್ಶನ ತೆರೆಯುವ ಹಿಂದಿನ ದಿನವನ್ನು ಆ ಊರಿನಲ್ಲಿ ವಾರ್ನಿಷ್ ದಿನ ಎಂದೇ ಕರೆಯುತ್ತಾರೆ. ಏಣಿ ಹತ್ತಿದ ಅಪ್ಪನಿಗೆ ಕುಂಚ ಚಾಚುತ್ತ ಹತ್ತನೇ ವಯಸ್ಸಿಗೇ ಅವಳು ಆ ದಿನದ ಗದ್ದಲ ಕಂಡಿದ್ದಳು. ಮಸ್ತಕಿ ಎಂಬ ಗಿಡದ ಅಂಟನ್ನು ಟರ್ಪಂಟೈನಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಗಲ ಕುಂಚದಿಂದ ಒಂದೇ ಕೈಯಲ್ಲಿ ಎಳೆಯಬೇಕು. ಎಳೆದ ಮೇಲೆ ಕಪ್ಪು ಆಳವಾಗುತ್ತದೆ, ಕೆಂಪು ಹೊತ್ತಿಕೊಳ್ಳುತ್ತದೆ. ವಾರ್ನಿಷ್ ಇಲ್ಲದ ಚಿತ್ರ ಅವಳ ಪಾಲಿಗೆ ಮುಖ ತೊಳೆಯದೆ ಮದುವೆಗೆ ಬಂದ ಗಂಡು.

1877ರ ವಸಂತದಲ್ಲಿ ಅವಳಿಗೆ ಐವತ್ತೆರಡು. ಸರ್ಕಾರಿ ತೀರ್ಪುಗಾರರು ಮತ್ತೆ ಮತ್ತೆ ವಾಪಸು ಕಳಿಸಿದ್ದ ಕೆಲವು ಚಿತ್ರಗಾರರು ಕೂಡಿ ತಮ್ಮದೇ ಪ್ರದರ್ಶನ ನಡೆಸುತ್ತಿದ್ದ ಕಾಲ. ಪತ್ರಿಕೆಯವರು ಗೇಲಿಗೆಂದು ಇಟ್ಟ 'ಇಂಪ್ರೆಷನಿಸ್ಟರು' ಎಂಬ ಹೆಸರನ್ನು ಅವರು ಆಗಲೇ ಹೆಗಲಿಗೆ ಹಾಕಿಕೊಂಡಿದ್ದರು. ಅಂಥದೇ ಒಂದು ಸಣ್ಣ ಗುಂಪು ಬಾಡಿಗೆಗೆ ಹಿಡಿದ ಮಹಡಿಯಲ್ಲಿ ಚಿತ್ರಗಳ ಧೂಳು ಒರೆಸಿ ಸಿದ್ಧಮಾಡಲು ಯೂಫ್ರಾಸಿಯನ್ನು ಕರೆಯಿತು. ತೂಗುಹಾಕುವ ಕೆಲಸ ಬಡಗಿ ಇಪೋಲಿತ್ ಬಾಲ್ಯುವಿನದು.

ತೆರೆಯಲು ಇನ್ನೂ ಒಂಬತ್ತು ದಿನ. ಶನಿವಾರ ಬೆಳಿಗ್ಗೆ ಅವಳು ಬಾಸ್ತ್ಯೆನ್ ಕೊರ್ದಿಯೆ ಎಂಬವನ ಚಿತ್ರದ ಮುಂದೆ ನಿಂತಳು. ಸೇನ್ ನದಿ, ಬಟ್ಟೆ ಒಗೆಯುವ ದೋಣಿ, ದಡದ ಚಿಮಣಿ, ಎಲ್ಲದರ ಮೇಲೂ ಬೆಳಗಿನ ಮಂಜು. ಮೈಯೆಲ್ಲ ಸುಣ್ಣದ ಗೋಡೆಯಂತೆ ಮಂಕು. ಆ ಯುವಕ ಅವಸರದಲ್ಲಿ ವಾರ್ನಿಷ್ ಮರೆತಿದ್ದಾನೆ ಎಂದು ಅವಳಿಗೆ ಮರುಕವಾಯಿತು. ಮೂಸಿದಳು. ಮೇಲ್ಪದರ ಒಣಗಿತ್ತು. ಸೀಸೆ ಬಿಚ್ಚಿ, ತೆಳ್ಳಗೆ ಒಂದು ಕೈ ಎಳೆದಳು. ಯಾರನ್ನೂ ಕೇಳಲಿಲ್ಲ, ಮೂವತ್ತು ವರ್ಷದಲ್ಲಿ ಯಾರೂ ಬೇಡ ಎಂದಿರಲಿಲ್ಲ.

ಮಧ್ಯಾಹ್ನ ಬಂದ ಕೊರ್ದಿಯೆ ಬಾಗಿಲಲ್ಲೇ ನಿಂತುಬಿಟ್ಟ.

"ಇದಕ್ಕೇನ್ ಮಾಡಿದ್ರಿ?"

"ಚೂರು ಕಳೆ ಬರಿಸ್ದೆ," ಎಂದಳು ಯೂಫ್ರಾಸಿ. "ಪರವಾಗಿಲ್ಲ ಬಿಡಪ್ಪ, ಥ್ಯಾಂಕ್ಸ್ ಏನ್ ಬೇಡ."

"ಕಳೆನಾ? ಮಂಜೆಲ್ರೀ ಮದಾಮ್? ನನ್ ಮಂಜೆಲ್ಲಿ?"

ಅವಳು ತಿರುಗಿ ನೋಡಿದಳು. ದೋಣಿ ಕಪ್ಪಗೆ ಮುಂದೆ ಬಂದಿತ್ತು, ಚಿಮಣಿ ಗಟ್ಟಿಯಾಗಿತ್ತು. ನಡುವೆ ಇದ್ದ ಬಿಳಿ ಗಾಳಿ ಇಂಗಿಹೋಗಿತ್ತು. ಮಹಡಿಯ ಕಿಟಕಿಯ ಪ್ರತಿಬಿಂಬ ಚಿತ್ರದ ನದಿಯ ಮೇಲೆ ಚೌಕಾಕಾರವಾಗಿ ಹೊಳೆಯುತ್ತಿತ್ತು.

"ಮೂರು ತಿಂಗಳು, ರೀ. ದಡದಲ್ಲಿ ಕೂತು, ಬೆರಳು ಸೆಟೆದು. ಈ ಪ್ರದರ್ಶನಕ್ಕೆ ನಂದು ಅಂತ ಇರೋದು ಇದೊಂದೇ!" ಕೊರ್ದಿಯೆ ಜೇಬಿನಿಂದ ಚಿಂದಿ ತೆಗೆದು ಟರ್ಪಂಟೈನ್ ಸೀಸೆಗೆ ಕೈ ಹಾಕಿದ.

ಯೂಫ್ರಾಸಿ ಸೀಸೆಯನ್ನು ಮೊದಲೇ ಎತ್ತಿಕೊಂಡಿದ್ದಳು. "ಮುಟ್ಬೇಡ. ನಿನ್ ಬಣ್ಣಕ್ಕೆ ಇನ್ನೂ ಹಾಲುಹಲ್ಲು, ಒಳಗೆ ಹಸಿ. ಇದನ್ನ ಹಾಕಿ ಒರೆಸಿದ್ರೆ ವಾರ್ನಿಷ್ ಜೊತೆ ನದೀನೂ ಚಿಂದಿಗೆ ಬರತ್ತೆ."

"ಮತ್ತೇನ್ ಮಾಡ್ಲಿ, ಕೂತು ಅಳ್ಲಾ?"

"ಏಳು ದಿನ ಕೊಡು. ಒಣಗಿ ಗರಿಗರಿ ಆಗ್ಲಿ. ಆಮೇಲೆ ಬೆರಳಲ್ಲೇ ಉಜ್ಜಿ ಪುಡಿ ಮಾಡಿ ತೆಗೀತೀನಿ. ಒಂದು ಹನಿ ನೀರೂ ಮುಟ್ಸಲ್ಲ."

"ಬರದಿದ್ರೆ?"

"ಬರತ್ತೆ. ತಪ್ಪು ನಂದು, ತೆಗೆಯೋಳೂ ನಾನೇ."

ಏಣಿಯ ಮೇಲಿಂದ ಬಾಲ್ಯು ಸೇರಿಸಿದ: "ಒಪ್ಕೊಳ್ರೀ ಸ್ವಾಮಿ. ಈಯಮ್ಮ ತಪ್ಪು ಒಪ್ಕೊಂಡಿದ್ದನ್ನ ನಾನು ಇವತ್ತೇ ನೋಡಿದ್ದು. ದುಬಾರಿ ಸರಕು."

"ನೀನು ಮೊಳೆ ನೆಟ್ಟಗೆ ಹೊಡಿ, ಇಪೋಲಿತ್. ಆಮೇಲೆ ಮಾತಾಡುವಿಯಂತೆ."

ಅಪ್ಪ ಹಳೆಯ ಚಿತ್ರಗಳ ವಾರ್ನಿಷನ್ನು ಹೀಗೆ ತೆಗೆಯುತ್ತಿದ್ದುದನ್ನು ಅವಳು ನೋಡಿದ್ದಳು, ತಾನೂ ತೆಗೆದಿದ್ದಳು. ಆದರೆ ಅವು ನೂರು ವರ್ಷದ ಚಿತ್ರಗಳು, ಕೆಳಗಿನ ಬಣ್ಣ ಕಲ್ಲಾಗಿತ್ತು. ಮೂರು ತಿಂಗಳ ಬಣ್ಣದ ಮೇಲೆ ಯಾರೂ ಮಾಡಿದ್ದಿಲ್ಲ. ಇದನ್ನು ಅವಳು ಕೊರ್ದಿಯೆಗೆ ಹೇಳಲಿಲ್ಲ. ಚಿತ್ರವನ್ನು ಒಲೆಯಿಂದ ದೂರ, ಗಾಳಿಯಾಡುವ ಗೋಡೆಗೆ ಒರಗಿಸಿ, ಧೂಳು ಕೂರದಂತೆ ಮೇಲೊಂದು ಬಟ್ಟೆ ಇಳಿಬಿಟ್ಟಳು. ದಿನವೂ ಬಂದು ಮೂಸಿ ಹೋದಳು.

ಮುಂದಿನ ಶನಿವಾರ ಬೆಳಕು ಬಂದ ಕೂಡಲೇ ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಕೈ ತೊಳೆದು ಒರೆಸಿ, ಮೇಲಿನ ಎಡಮೂಲೆಗೆ ಮಧ್ಯದ ಬೆರಳಿಟ್ಟಳು. ಸಣ್ಣ ಸಣ್ಣ ಸುತ್ತು. ಮೊದಲು ಏನೂ ಆಗಲಿಲ್ಲ. ಕೊರ್ದಿಯೆ ಮೇಜಿನ ಮೇಲೆ ಬಾಗಿದ್ದ. ಆಮೇಲೆ ಬೆರಳ ಕೆಳಗೆ ಮೈದಾಹಿಟ್ಟಿನಂಥ ಬಿಳಿ ಪುಡಿ ಎದ್ದಿತು. ಮೃದು ಕುಂಚದಿಂದ ಅದನ್ನು ಗುಡಿಸಿದಳು. ನಾಣ್ಯದಗಲ ಆಕಾಶ ಮಂಕಾಗಿ ಹೊರಬಂತು.

"ತಗೋ, ನಿನ್ ಮಂಜು. ಇನ್ನು ಮಿಕ್ಕಿದ್ದು."

ಬೆರಳ ತುದಿ ಸವೆದಾಗ ಇನ್ನೊಂದು ಬೆರಳು, ಎರಡು ಕೈಯೂ ಮುಗಿದಾಗ ಅಂಗೈಯ ಅಂಚು. ಬಣ್ಣ ದಿಣ್ಣೆಗಟ್ಟಿದ ಕಡೆ ಕಿರುಬೆರಳು. ಕೊರ್ದಿಯೆ ಅವಳಿಗೆ ಬ್ರೆಡ್ಡು, ಚೀಸು ತುಂಡು ಮಾಡಿ ಬಾಯಿಗೇ ಕೊಡಬೇಕಾಯಿತು. ಕೈಗೆ ಜಿಡ್ಡು ತಾಗುವಂತಿರಲಿಲ್ಲ. ನಡುನಡುವೆ ಅವನು ಗೊಣಗುತ್ತಿದ್ದ: ಹೊರಗಿನ ಬೆಳಕು ಹೊಳಪಲ್ಲ, ಬೆಳಕು, ಮಂಜಿಗೆ ಗಾಜು ಹಾಕಿದರೆ ಅದು ಮಂಜಲ್ಲ, ಅಂಗಡಿಯ ಕಿಟಕಿ. ಅವಳು ಅರ್ಧ ಕೇಳಿದಳು. ಮಿಕ್ಕರ್ಧವನ್ನು ಬೆರಳ ಕೆಳಗೇ ಕಾಣುತ್ತಿದ್ದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ದೋಣಿಯ ಪಕ್ಕಕ್ಕೆ ಬಂದಳು. ಅಲ್ಲಿ ಬೆರಳೆತ್ತಿ ನೋಡಿದರೆ ಪುಡಿ ಬಿಳಿಯಾಗಿರಲಿಲ್ಲ. ನಸುನೇರಳೆ.

ಅವಳು ಕೈ ತೆಗೆದಳು. ಬೆರಳನ್ನು ಕೊರ್ದಿಯೆಯ ಮುಂದೆ ಹಿಡಿದಳು.

"ನೋಡು. ಇದು ನಿನ್ ಬಣ್ಣ. ಇಲ್ಲಿಗೆ ನಿಲ್ಲಿಸ್ತೀನಿ. ಮುಂದೆ ಹೋದ್ರೆ ದೋಣಿ ಬರತ್ತೆ."

ದೋಣಿಯ ಮೈಯಲ್ಲಿ ಅಂಗೈಯಷ್ಟು ಜಾಗ ಇನ್ನೂ ಹೊಳೆಯುತ್ತಿತ್ತು. ಕೊರ್ದಿಯೆ ಚಿತ್ರವನ್ನು ಎತ್ತಿ ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಹೋದ. ಬಹಳ ಹೊತ್ತು ನೋಡಿದ.

"ಒದ್ದೆ ಮರ," ಎಂದ ಕೊನೆಗೆ. "ದೋಣಿ ತಾನೇ, ಒದ್ದೆ ಇರ್ಲಿ. ಬಿಡಿ, ಹಾಗೇ ಇರ್ಲಿ."

"ನಾನು ಬೇಕು ಅಂತ ಬಿಟ್ಟಿದ್ದು ಅಂತ ಮಾತ್ರ ಎಲ್ಲೂ ಹೇಳ್ಬೇಡ."

ಅವನು ಇದ್ದಿಲು ಹುಡುಕಿ ಕ್ಯಾನ್ವಾಸಿನ ಬೆನ್ನಿಗೆ ದೊಡ್ಡದಾಗಿ ಬರೆದ: ವಾರ್ನಿಷ್ ಹಚ್ಚಬಾರದು. ಇದ್ದಿಲು ಅಳಿಸಿಹೋಗುತ್ತದೆಂದು ಯೂಫ್ರಾಸಿ ಅವನ ಕೈಗೆ ಶಾಯಿ ಕೊಟ್ಟು ಇನ್ನೊಮ್ಮೆ ಬರೆಸಿದಳು. ಆಮೇಲೆ ಗೋಡೆಗುಂಟ ಹೋಗಿ, ಉಳಿದ ಚಿತ್ರಗಾರರನ್ನು ಒಬ್ಬೊಬ್ಬರಾಗಿ ಕೇಳಿದಳು: ನಿಮಗೆ ಬೇಕಾ, ಬೇಡವಾ? ಆರು ಜನ ಬೇಡವೆಂದರು, ಮೂವರು ಬೇಕೆಂದರು. ಅಂದಿನಿಂದ ಕೇಳದೆ ಅವಳು ಸೀಸೆ ಬಿಚ್ಚಲಿಲ್ಲ.

ಸೋಮವಾರ ಬಾಗಿಲು ತೆರೆಯಿತು. ಜನ ಬಂದರು, ನಕ್ಕರು, ಕೆಲವರು ಎರಡನೇ ಸಲ ನೋಡಿದರು. ಬೆಳ್ಳಿಹಿಡಿಯ ಕೋಲಿನ ಒಬ್ಬ ಗಣ್ಯ ಮಂಜಿನ ಮುಂದೆ ನಿಂತು, "ಏನಿದು? ಇವರ ಹತ್ತಿರ ವಾರ್ನಿಷ್ ಹಚ್ಚೋರು ಯಾರೂ ಇಲ್ವಾ?" ಎಂದು ಸುತ್ತಲೂ ಕೇಳಿದ.

ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲ ಬಳಿ ನಿಂತಿದ್ದ ಯೂಫ್ರಾಸಿ ಮುಂದೆ ಬಂದಳು.

"ನಾನಿದೀನಲ್ಲ ಸ್ವಾಮಿ. ಹಚ್ಚಿ ನೋಡ್ದೆ, ಚೆನ್ನಾಗಿರ್ಲಿಲ್ಲ. ತೆಗೆದೆ."