ಅಮೃತಳನ್ನು ವಾಪಸ್ ಕಳಿಸಬೇಕಂತೆ

ಚಿನಕುರಳಿಯ ಜಗಲಿಯ ಮೇಲೆ ಆದ ತೀರ್ಮಾನವನ್ನು ಇಂಗ್ಲೆಂಡಿನ ಕೋರ್ಟು ಒಪ್ಪುತ್ತದೆಯೇ? ನಗಬೇಡಿ. ನಮ್ಮ ಭಾವ ಪುಟ್ಟೇಗೌಡರು ಒಪ್ಪುತ್ತದೆಂದೇ ನಂಬಿದ್ದರು.

ಭಾವನ ಮಗಳು ಸವಿತ. ಗಂಡ ಮಾಕವಳ್ಳಿಯವನು, ಇಂಗ್ಲೆಂಡಿನಲ್ಲಿ ಡಾಕ್ಟರು. ಹೆಂಡತಿಯ ಮೇಲೆ ಕೈ ಮಾಡುತ್ತಾನೆ. (ಅಷ್ಟು ಓದಿದವನು ಹೊಡೆಯುತ್ತಾನೆಯೇ ಎಂದು ಕೇಳುವವರು ಈಗಲೂ ಇದ್ದಾರೆ.) ಹೋದ ವರ್ಷ ಸವಿತ ಅವನಿಗೆ ಹೇಳದೆ ಮಗಳನ್ನು ಎತ್ತಿಕೊಂಡು ವಿಮಾನ ಹತ್ತಿ ಬಂದುಬಿಟ್ಟಳು. ಅಮೃತಳಿಗೆ ಆಗ ನಾಲ್ಕು ವರ್ಷ.

ಜಗಲಿಯಲ್ಲಿ ಪಂಚಾಯ್ತಿ ಸೇರಿತು. ನಾನೂ ಇದ್ದೆ. ಹುಡುಗನ ದೊಡ್ಡಪ್ಪನೇ ಮಾಕವಳ್ಳಿಯಿಂದ ಬಂದು, "ಹೆಣ್ಮಗ, ತಾಯ್ತಾವೇ ಇರ್ಲಿ ಬುಡಿ. ಅವ್ನಿಗೆ ನಾನ್ ಯೋಳ್ತೀನಿ" ಅಂದರು. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ಹೊರಟರು. ನಮ್ಮ ಕಡೆ ಇದಕ್ಕಿಂತ ದೊಡ್ಡ ರುಜು ಬೇಕೆ?

ಆಮೇಲೆ ಇಂಗ್ಲೆಂಡಿನ ಕೋರ್ಟಿನಿಂದ ನೋಟೀಸು ಬಂತು. ಉತ್ತರ ಕೊಡಬೇಕು ಭಾವ, ಲಾಯರನ್ನು ನೋಡೋಣ ಅಂದೆ.

"ನ್ಯಾಯ ಆಗೋಗದೆ ಕಣ್ಲಾ. ಅವ್ರ ದೊಡ್ಡಪ್ಪನೇ ಒಪ್ಕಂಡ್ ಮ್ಯಾಕೆ ಇನ್ಯಾವ್ ಕೋರ್ಟ್ಲಾ?" ಅಂದವರೇ ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದರು.

ಅಲ್ಲಿನ ಕೋರ್ಟು ಗಂಡನ ಮಾತನ್ನಷ್ಟೇ ಕೇಳಿ, ಮಗುವನ್ನು ವಾಪಸ್ ತನ್ನಿ ಎಂದಿತು. ಆ ಆರ್ಡರು ಹಿಡಿದು ಅವನು ಬೆಂಗಳೂರಿನ ಹೈಕೋರ್ಟಿಗೆ ಬಂದ. ಪೊಲೀಸ್ ಜೀಪು ಮನೆ ಮುಂದೆ ನಿಂತ ಮೇಲೆ ಭಾವ ಲಾಯರನ್ನು ಹುಡುಕಿದರು.

ಕಳೆದ ಗುರುವಾರ ತೀರ್ಪು. ಜಡ್ಜು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಅಮೃತಳನ್ನು ಹತ್ತಿರ ಕರೆದು, ಯಾರ ಜೊತೆ ಇರ್ತೀಯಮ್ಮ ಎಂದು ಕೇಳಿದರು. "ಅಮ್ಮುನ್ ತಾವ" ಅಂದಳು. ತಲೆ ಸವರಿದರು. ಆಮೇಲೆ ಓದಿದರು: ಮಗು ಹುಟ್ಟಿ ಬೆಳೆದದ್ದು ಅಲ್ಲಿ, ಯಾರ ಹತ್ತಿರ ಇರಬೇಕೆಂದು ಅಲ್ಲಿನ ಕೋರ್ಟೇ ನಿರ್ಧರಿಸಲಿ. ಹೊಡೆತ ಬಡಿತದ ಮಾತನ್ನೂ ಅಲ್ಲೇ ಹೇಳಿಕೊಳ್ಳಲಿ. ತಾಯಿ ಬೇಕಾದರೆ ಜೊತೆಗೆ ಹೋಗಲಿ, ಟಿಕೆಟ್ಟಿನ ಖರ್ಚು ಗಂಡನದು.

ತಪ್ಪೇನಿದೆ ಹೇಳಿ? ನಾಳೆ ಯಾವನೋ ಅಪ್ಪ ಹೀಗೇ ಮಗುವನ್ನು ಹೊತ್ತು ತಂದರೆ ನಾನೂ ಇದೇ ತೀರ್ಪು ಕೇಳುತ್ತೇನೆ. ಆದರೆ ಸವಿತ ಹೋಗುವುದು ಹೇಗೆ? ಅವಳ ವೀಸಾ ಮುಗಿದಿದೆ. ಟಿಕೆಟ್ ಕೊಡಿಸುತ್ತೇನೆ ಎನ್ನುವವನು ವೀಸಾ ಕಾಗದಕ್ಕೆ ರುಜು ಹಾಕುವುದಿಲ್ಲ. ಅವನ ರುಜುವಿಲ್ಲದೆ ಮದ್ರಾಸಿನ ಬ್ರಿಟಿಷ್ ಕಚೇರಿಯಲ್ಲಿ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು. ಮಗು ಅಪ್ಪನ ಜೊತೆ ಹೊರಡುವುದು ಬರುವ ಸೋಮವಾರ.

"ಸುಪ್ರೀಂ ಕೋರ್ಟು?" ಅಂದೆ.

"ರಜಾ ಶುರುವಾಗಿದೆ ಸಾರ್. ಅಷ್ಟರೊಳಗೆ ಸ್ಟೇ ಸಿಗೋದು ಅನುಮಾನ" ಅಂದರು ಲಾಯರು.

ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸಿಗೆ ಕಾಯುತ್ತಾ ಕೂತೆವು. ಅಮೃತ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಭಾವ, "ಇನ್ನೊಂದ್ಸಲ ಪಂಚಾಯ್ತಿ ಸೇರ್ಸನೇನ್ಲಾ?" ಅಂದರು. ಎಪ್ಪತ್ತರ ಹತ್ತಿರದ ಆ ಮನುಷ್ಯನ ಮಾತು ಕೇಳಿ ನನಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಸವಿತ ಅಳಲಿಲ್ಲ. ಮಗು ಏಳದಂತೆ ಮೆಲ್ಲಗೆ ಕೇಳಿದಳು. "ಮಾವ, ನೀವು ಪೇಪರ್ಗೆಲ್ಲ ಬರೀತೀರಲ್ಲ. ಏರ್‌ಪೋರ್ಟ್ ತಾವ ಇವ್ಳು ನನ್ ಸೆರಗು ಬುಡಾಕಿಲ್ಲ. ಏನಾರ ಒಂದು ಸುಳ್ಳು ಯೋಳ್ಕೊಡಿ."

ಇಷ್ಟು ವರ್ಷದಿಂದ ವಾರವಾರವೂ ಬರೆದವನಿಗೆ ಒಂದೂ ಹೊಳೆಯುತ್ತಿಲ್ಲ. ಐದು ವರ್ಷದ ಮಗು ನಂಬುವಂಥ ಸುಳ್ಳು ನಿಮಗೇನಾದರೂ ಗೊತ್ತೆ?