ಬೇಸ್‌ಬಾಲ್ ಮೈದಾನದಲ್ಲಿ ಕೊರಳ ಕರಡಿಗೆ

ರಾಷ್ಟ್ರಮಟ್ಟದ ಜೂನಿಯರ್ ಬಾಲಕಿಯರ ಬೇಸ್‌ಬಾಲ್ ಪಂದ್ಯಾವಳಿಗೆ ನಾನು ಆಯ್ಕೆಯಾದಾಗ, ಬೆಲ್ಲದ ಬಾಗೇವಾಡಿಯ ನಮ್ಮ ಓಣಿಯಲ್ಲಿ "ಎಷ್ಟು ಓವರಿನ ಮ್ಯಾಚ್?" ಎಂದು ಕೇಳದವರೇ ಇಲ್ಲ. ಇದು ಕ್ರಿಕೆಟ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ "ಇಪ್ಪತ್ತು" ಎಂದುಬಿಡುತ್ತಿದ್ದೆ. ಕೊರೊನಾದ ಎರಡನೇ ಅಲೆ ಇಳಿದು, ಮೂರನೆಯದು ಬರುತ್ತದೋ ಇಲ್ಲವೋ ಎಂದು ಎಲ್ಲರೂ ಕಾಯುತ್ತಿದ್ದ ಕಾಲ ಅದು. ಹೊರಡುವ ಮುನ್ನ ಮೂಗಿಗೆ ಕಡ್ಡಿ ತೂರಿಸಿ ಪರೀಕ್ಷೆ, ಅಲ್ಲಿ ಇಳಿದ ಮೇಲೆ ಮತ್ತೊಂದು. ಮನೆಯವರು ಬರುವಂತಿಲ್ಲ, ಪ್ರೇಕ್ಷಕರಿಲ್ಲ, ಗೆದ್ದರೂ ತಬ್ಬಿಕೊಳ್ಳುವಂತಿಲ್ಲ. ಆದರೂ ತಿಂಗಳುಗಟ್ಟಲೆ ಮೊಬೈಲಿನಲ್ಲಿ ಪಾಠ ಕೇಳಿ ಬೇಸತ್ತಿದ್ದ ನಮಗೆ ರೈಲು ಹತ್ತಿದ್ದೇ ದೊಡ್ಡ ಹಬ್ಬ.

ಮೊದಲ ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದೆವು. ನಾನು ಜೋರಾಗಿ ಓಡಿ ಬಂದು ನೆಲದ ಮೇಲಿನ ಬಿಳಿ ಚೌಕಕ್ಕೆ, ಅಂದರೆ ಬೇಸಿಗೆ, ಜಾರಿದೆ. ಅಂಗಿಯೊಳಗಿದ್ದ ಬೆಳ್ಳಿಯ ಕರಡಿಗೆ ಶಿವದಾರದ ಸಮೇತ ಹೊರಗೆ ಬಂತು. ಹುಟ್ಟಿದ ಕೆಲವೇ ದಿನಗಳಲ್ಲಿ ನನ್ನ ಕೊರಳಿಗೆ ಕಟ್ಟಿದ ಇಷ್ಟಲಿಂಗ ಅದರೊಳಗಿತ್ತು. ಅಂಪೈರ್ ನೋಡಿಬಿಟ್ಟರು. ಚೆಂಡು ಅದಕ್ಕೆ ಬಡಿದರೆ ಎದೆಯ ಮೂಳೆ ಉಳಿಯುವುದಿಲ್ಲ, ತೆಗೆದು ಆಡು, ಇಲ್ಲವೇ ಹೊರಗೆ ಕೂರು ಎಂದು ಹಿಂದಿಯಲ್ಲಿ ಹೇಳಿದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ತಗ್ಯಾಂಗಿಲ್ಲ" ಎಂದು ಕನ್ನಡದಲ್ಲೇ ಹೇಳಿ, ಮುಖ ಊದಿಸಿಕೊಂಡು ಬೆಂಚಿಗೆ ಹೋಗಿ ಕುಳಿತೆ. ಕುಳಿತ ಮೇಲೆ ಅಳು ಬಂತು. ಇಷ್ಟು ದೂರ ಬಂದು ಆಡದೆ ಹೋಗುವುದು ಹೇಗೆ? ತೆಗೆದರೆ ಅಜ್ಜನಿಗೆ ಮುಖ ತೋರಿಸುವುದು ಹೇಗೆ? "ಜೀವ ಹೋದ್ರೂ ಕೊಳ್ಳಾಗಿನ ಲಿಂಗ ತಗೀಬಾರ್ದು" ಎಂಬುದು ನಮ್ಮ ಮನೆಯಲ್ಲಿ ಅಜ್ಜನ ಕಟ್ಟಪ್ಪಣೆ. ಒಮ್ಮೆ ಸ್ನಾನಕ್ಕೆಂದು ತೆಗೆದು ಗೂಟಕ್ಕೆ ತೂಗುಹಾಕಿದ ಚಿಕ್ಕಪ್ಪನ ಜೊತೆ ಅಜ್ಜ ಎರಡು ದಿನ ಮಾತು ಬಿಟ್ಟಿದ್ದ.

ನಮ್ಮ ಕೋಚ್ ಗೋಕಾಕದವರು, ಅವರಿಗೆ ಇದೆಲ್ಲ ಗೊತ್ತು. ಸುಮ್ಮನೆ ತಮ್ಮ ಫೋನಿನಿಂದ ನಮ್ಮ ಮನೆಗೆ ಕರೆ ಹಚ್ಚಿ ನನ್ನ ಕೈಗಿತ್ತರು. ಎತ್ತಿದವನು ಅಜ್ಜ. ನಾನು ಬಿಕ್ಕುತ್ತಲೇ ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.

"ತಗಿ. ಆಡು," ಎಂದ ಅಜ್ಜ.

ಹಿಂದಿನಿಂದ ಅವ್ವ "ಏನ್ ಹೇಳಾಕತ್ತೀರಿ ಮಾವಾರ!" ಎಂದದ್ದು ಕೇಳಿಸಿತು. ಅಜ್ಜ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ನೆಲಕ್ಕ ಇಡಬ್ಯಾಡ, ಚೀಲದಾಗ ತುರಕಬ್ಯಾಡ. ಯಾರರ ಒಬ್ಬರ ಕೈಯಾಗ ಕೊಡು" ಎಂದು ಫೋನ್ ಇಟ್ಟ.

ಯಾರ ಕೈಗೆ? ಕೋಚ್ ಕಿವಿ, ಮೂಗು, ಟೋಪಿ ಮುಟ್ಟಿ ಮುಟ್ಟಿ ನಮಗೆ ಸನ್ನೆ ಮಾಡಬೇಕು, ಅವರ ಕೈ ಖಾಲಿ ಇರುವುದಿಲ್ಲ. ಉಳಿದವಳು ನನ್ನ ಕೋಣೆಯ ಜೊತೆಗಾತಿ. ಮೂಡಲಗಿ ಹತ್ತಿರದ ಕುರಿ ಸಾಕುವವರ ಮನೆಯ ಹುಡುಗಿ, ತಂಡದ ಹೆಚ್ಚುವರಿ ಆಟಗಾರ್ತಿ. ಅವಳು ಎರಡು ಸಲ ಕೈಗೆ ಸ್ಯಾನಿಟೈಸರ್ ಹಚ್ಚಿ ತಿಕ್ಕಿಕೊಂಡಳು.

"ಇದಕ್ಕೂ ಹಚ್ಚಲೇನ?" ಎಂದು ಕರಡಿಗೆ ನೋಡುತ್ತ ಕೇಳಿದಳು.

"ಹುಚ್ಚಿ, ಸುಮ್ನ ಹಿಡಿ!" ಎಂದೆ. ಅಳುವಿನ ನಡುವೆಯೇ ನಗು ಬಂತು.

ಕೊರಳು ಹಗುರಾಗಿದ್ದಕ್ಕೋ ಏನೋ, ಮೊದಲ ಅರ್ಧ ಗಂಟೆ ನನಗೆ ಚೆಂಡೇ ಸಿಗಲಿಲ್ಲ. ಮತ್ತೆ ಮತ್ತೆ ಬೆಂಚಿನ ಕಡೆ ನೋಡುತ್ತಿದ್ದೆ. ಅವಳು ಎಡಗೈ ಅಂಗೈಯಲ್ಲಿ ಕರಡಿಗೆ ಇಟ್ಟುಕೊಂಡು, ಬಲಗೈ ಅದರ ಮೇಲೆ ಮುಚ್ಚಿ, ನೆಟ್ಟಗೆ ಕುಳಿತಿದ್ದಳು. ನಾವು ಮುನ್ನಡೆ ಪಡೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳು ಕಾಲಿನಿಂದ ನೆಲ ಬಡಿದಳು. ಯಾರೋ ಬಾಳೆಹಣ್ಣು ಕೊಡಲು ಬಂದರೆ ತಲೆಯಾಡಿಸಿ ಬೇಡವೆಂದಳು. ಆಮೇಲೆ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ, ಆಟ ಕೈಹಿಡಿಯಿತು. ಪ್ರತಿ ಪಂದ್ಯದಲ್ಲೂ ಹಾಗೆಯೇ ನಡೆಯಿತು. ನನ್ನ ಬದಲು ಅವಳನ್ನು ಆಡಲು ಕರೆದಾಗಲೆಲ್ಲ ನಾನು ಬೆಂಚಿಗೆ ಬಂದು ಕರಡಿಗೆ ಇಸಿದುಕೊಳ್ಳುತ್ತಿದ್ದೆ. ನಾವು ಮೂರನೇ ಸ್ಥಾನ ಪಡೆದೆವು. ನನಗೆ ಅಷ್ಟೇ ಧಾರಾಳವಾಯಿತು.

ಮನೆಗೆ ಬಂದರೆ ಅವ್ವ ಪದಕವನ್ನು ಓಣಿಗೆಲ್ಲ ತೋರಿಸಲು ಒಯ್ದಳು. ಅಜ್ಜ ಪದಕದ ಮಾತೇ ಎತ್ತಲಿಲ್ಲ. "ಯಾರ ಹಿಡಕೊಂಡಿದ್ರು?" ಎಂದು ಕೇಳಿದ. ಹೇಳಿದೆ.

"ಯಾವ ಕೈಯಾಗ?"

"ಎಡಗೈಯಾಗ, ಅಜ್ಜಾ. ನಾ ಏನೂ ಹೇಳಿರಲಿಲ್ಲ."

ಪೂಜೆಯಲ್ಲಿ ನಾವು ಲಿಂಗ ಹಿಡಿಯುವುದೂ ಎಡ ಅಂಗೈಯಲ್ಲೇ. ಅದನ್ನು ಕೇಳಿ ಅಜ್ಜ, ಎರಡನೇ ಅಲೆಯಲ್ಲಿ ತಾನು ಉಸಿರಾಡಲಾಗದೆ ಗೋಕಾಕದ ಆಸ್ಪತ್ರೆ ಸೇರಿದ್ದಾಗ ನಡೆದ, ಮನೆಯಲ್ಲಿ ಯಾರಿಗೂ ಹೇಳದಿದ್ದ ಮಾತನ್ನು ಹೇಳಿದ. ಎದೆಯ ಸ್ಕ್ಯಾನ್ ಮಾಡುವ ಮುನ್ನ ಲಿಂಗ ತೆಗೆಯಲೇಬೇಕೆಂದರು. ನಮ್ಮನ್ನು ಗೇಟಿನ ಒಳಗೂ ಬಿಟ್ಟಿರಲಿಲ್ಲ. ಆಗ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ, ಮುಖಕ್ಕೆ ಮಾಸ್ಕ್ ತೊಟ್ಟಿದ್ದ ನರ್ಸ್ ಒಬ್ಬಳು ಎರಡೂ ಅಂಗೈ ಚಾಚಿದಳು.

"ಮಷೀನಿನಾಗ ಹೋಗೂ ಮುಂದ ಬಾಳ ಅಂಜಿಕಿ ಬಂತು ನನಗ. ಹೊರಗ ಬರೂದಿಲ್ಲ ಅಂತನ ತಿಳಕೊಂಡಿದ್ದೆ. ಹೊಳ್ಳಿ ನೋಡಿದ್ರ ಆಕಿ ಗಾಜಿನ ಆಚಿ ಕಡೆ ಹಂಗ ಹಿಡಕೊಂಡ ನಿಂತಿದ್ಲು. ಆಕಿ ಮಾರಿ ಸೈತ ನಾ ನೋಡಲಿಲ್ಲ." ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. "ಆ ಹುಡಗೀನ ಒಮ್ಮೆ ಊಟಕ್ಕ ಕರಕೊಂಡ ಬಾ."

ಮುಂದಿನ ಭಾನುವಾರ ಅವಳು ಬಸ್ಸಿನಲ್ಲಿ ಬಂದಳು. ಅವ್ವ ಹೋಳಿಗೆ ಮಾಡಿದ್ದಳು. ಅಜ್ಜ ಕೋಲೂರಿಕೊಂಡು ಬಾಗಿಲಿಗೇ ಬಂದು ನಿಂತ.

"ಬಾ ಯವ್ವಾ," ಎಂದ. "ಆ ಮಾಸ್ಕ್ ಒಂದೀಟು ತಗಿ. ನಿನ್ನ ಮಾರಿ ನೋಡ್ತೇನಿ."